ಎಸ್ಟೀಮ್ ಎಂಜಿನ್ ಹಾಕಿದ ಜಿಪ್ಸಿ ಎಮಿಷನ್ ಟೆಸ್ಟಿನಲ್ಲಿ ಫೇಲ್: ಎಲ್ಲಿಂದ ಹುಡುಕಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸಕಲೇಶಪುರದಲ್ಲಿರುವ 1994ರ ಜಿಪ್ಸಿ. ಹಳೇ ಒಂದು ಲೀಟರ್ ಕಾರ್ಬುರೇಟರ್ ಎಂಜಿನ್ ಇಳಿಸಿ, ಗುಜರಿಯಿಂದ ತಂದ ಎಸ್ಟೀಮ್ 1.3 ಎಂಪಿಎಫ್ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಕೂರಿಸಿದ್ದೀರಿ. ಎಳೆತ ಚೆನ್ನಾಗಿದೆ, ಚೆಕ್ ಎಂಜಿನ್ ಲೈಟ್ ಇಲ್ಲ. ಆದರೆ ಎಮಿಷನ್ ಚೀಟಿಯಲ್ಲಿ ಸಿಓ (ಕಾರ್ಬನ್ ಮಾನಾಕ್ಸೈಡ್) 6.1%, ಎಚ್‌ಸಿ (ಉರಿಯದೆ ಉಳಿದ ಪೆಟ್ರೋಲ್) 620 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಸಿಓ2 10.9%, ಓ2 (ಆಮ್ಲಜನಕ) 0.5%. ಮೆಕ್ಯಾನಿಕ್ ಹೊಸ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ಕಮ್ಮಿ ಮಾಡುವ ಡಬ್ಬಿ) ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಬೇಕಾ?

ಸದ್ಯಕ್ಕೆ ಬೇಡ. ಹಾಸನದಲ್ಲಿ ನನ್ನದು ಗ್ಯಾರೇಜ್. ಎಸ್ಟೇಟ್‌ಗಳ ಇಂಥ ಜಿಪ್ಸಿಗಳು ಬರುತ್ತಲೇ ಇರುತ್ತವೆ. ನಿಮ್ಮ ಗಾಡಿ 2000ಕ್ಕಿಂತ ಹಳೆಯದು, ಹಾಗಾಗಿ ಮಿತಿ ತುಂಬಾ ಸಡಿಲ: ಸಿಓ 3%, ಎಚ್‌ಸಿ 1500. ಬಿಎಸ್-4 ಕಾರಿಗೆ ಇದೇ 0.3 ಮತ್ತು 200. ಇನ್ನೊಂದು ವಿಷಯ, ಎಂಪಿಎಫ್ಐ ಎಂಜಿನ್ ಸರಿಯಾಗಿ ಓಡುತ್ತಿದ್ದರೆ ಕನ್ವರ್ಟರ್ ಇಲ್ಲದೆಯೂ ಸಿಓ ಒಂದು ಪರ್ಸೆಂಟ್ ಆಸುಪಾಸಿನಲ್ಲೇ ಇರುತ್ತದೆ. ನಿಮ್ಮದು ಆರು. ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸುಮ್ನೆ ಸುರಿಯುತ್ತಿದೆ. ಅದರ ಹಿಂದೆ ಹೊಸ ಕನ್ವರ್ಟರ್ ಕಟ್ಟಿದರೆ ಅದೂ ಬಿಸಿಯಾಗಿ ಹಾಳಾಗುತ್ತದೆ, ದುಡ್ಡೂ ಹೋಗುತ್ತದೆ.

ಚೀಟಿಯ ನಾಲ್ಕೂ ಅಂಕಿ ಒಟ್ಟಿಗೆ ಓದಬೇಕು. ಬಹಳ ಜನ ಸಿಓ ಒಂದನ್ನೇ ನೋಡುತ್ತಾರೆ. ಸಿಓ ಜಾಸ್ತಿ, ಓ2 ಕಮ್ಮಿ ಇದ್ದರೆ ಪೆಟ್ರೋಲ್ ಜಾಸ್ತಿ. ಸಿಓ ಕಮ್ಮಿ ಇದ್ದು ಎಚ್‌ಸಿ, ಓ2 ಎರಡೂ ಜಾಸ್ತಿ ಬಂದರೆ ಎಲ್ಲೋ ಮಿಸ್ ಹೊಡೆಯುತ್ತಿದೆ: ಪ್ಲಗ್, ವೈರ್, ವಾಲ್ವ್ ನೋಡಬೇಕು. ಸಿಓ2 ಕೂಡ ತೀರಾ ಇಳಿದು ಓ2 ಏರಿದ್ದರೆ ಸೈಲೆನ್ಸರ್ ಪೈಪಿನಲ್ಲಿ ತೂತಿದ್ದು ಹೊರಗಿನ ಗಾಳಿ ಸೇರುತ್ತಿದೆ. ನಿಮ್ಮದು ಮೊದಲನೆಯದು, ಅನುಮಾನವೇ ಇಲ್ಲ. ಪ್ಲಗ್ ಬಿಚ್ಚಿ ನೋಡಿ, ಒಣ ಕಪ್ಪು ಮಸಿ ಇರುತ್ತದೆ.

ಮೊದಲು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್. ಗುಜರಿ ಎಂಜಿನ್ನುಗಳಲ್ಲಿ ಅದು ಇರುವುದೇ ಅಪರೂಪ. ಯಾವ ಕಾಲದಲ್ಲೋ ಯಾರೋ ‘ಹೀಟ್ ಆಗುತ್ತೆ’ ಅಂತ ಕಿತ್ತು ಬಿಸಾಡಿರುತ್ತಾರೆ. ಮಲೆನಾಡಿನ ಚಳಿಗೆ ಆ ಎಂಜಿನ್ ಬಿಸಿ ಆಗುವುದೇ ಇಲ್ಲ. ಇಸಿಎಂಗೆ (ಎಂಜಿನ್ನಿನ ಕಂಪ್ಯೂಟರ್) ಎಂಜಿನ್ ಇನ್ನೂ ತಣ್ಣಗಿದೆ ಅನ್ನಿಸಿ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ.

ಅದಿದ್ದರೆ ಟೆಂಪರೇಚರ್ ಸೆನ್ಸರ್. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಈ ಎಂಜಿನ್ನಿನಲ್ಲಿ ಎರಡು ಸೆನ್ಸರ್ ಇರುತ್ತವೆ. ಒಂದೇ ವೈರಿನದು ಮೀಟರಿಗೆ, ಎರಡು ವೈರಿನದು ಇಸಿಎಂಗೆ. ಮೀಟರಿನ ಮುಳ್ಳು ಸರಿಯಾಗಿ ನಡುವೆ ನಿಂತಿದೆ ಅಂತ ಸಮಾಧಾನಪಟ್ಟರೆ ಪ್ರಯೋಜನವಿಲ್ಲ, ಅದು ಬೇರೆಯದೇ ಸೆನ್ಸರಿನ ಮಾತು. ಎರಡು ವೈರಿನದರ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಬೆಳಿಗ್ಗೆ ತಣ್ಣಗಿದ್ದಾಗ ಸುಮಾರು ಎರಡೂವರೆ ಕಿಲೋ ಓಮ್ ತೋರಿಸಬೇಕು, ಬಿಸಿಯಾದ ಮೇಲೆ 300 ಓಮ್ ಹತ್ತಿರಕ್ಕೆ ಇಳಿಯಬೇಕು. ಬಿಸಿ ಎಂಜಿನ್ನಿನಲ್ಲೂ ಸಾವಿರದ ಮೇಲೆ ನಿಂತಿದ್ದರೆ ಕಳ್ಳ ಸಿಕ್ಕ ಹಾಗೆ. ವೈರ್ ಪೂರ್ತಿ ಕಟ್ ಆಗಿಲ್ಲವಲ್ಲ, ಹಾಗಾಗಿ ಚೆಕ್ ಲೈಟ್ ಬರುವುದಿಲ್ಲ. ವೈರಿಂಗ್ ಉದ್ದ ಮಾಡುವಾಗ ಹಾಕಿದ ಜಾಯಿಂಟುಗಳನ್ನೂ ಎಳೆದು ನೋಡಿ. ತಿರುಚಿ ಟೇಪ್ ಸುತ್ತಿದ್ದರೆ ಅಲ್ಲೇ ಬೆಸುಗೆ ಹಾಕಿಸಿ.

ಆಮೇಲೆ ಮ್ಯಾಪ್ ಸೆನ್ಸರಿನ (ಇಂಟೇಕಿನ ಗಾಳಿಯ ಒತ್ತಡ ಅಳೆಯುವುದು) ಹೋಸ್. ಇಂಟೇಕ್ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ನೋಡಿಯೇ ಇಸಿಎಂ ಪೆಟ್ರೋಲ್ ಅಳೆಯುತ್ತದೆ. ಆ ಸಣ್ಣ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ, ನಿಂತ ಗಾಡಿಯನ್ನೂ ಘಾಟಿ ಹತ್ತುತ್ತಿದೆ ಅಂದುಕೊಂಡು ಸುರಿಯುತ್ತದೆ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದ್ದರೂ ವ್ಯಾಕ್ಯೂಮ್ ಕಮ್ಮಿಯಾಗಿ ಇದೇ ಫಲ. ಐಡಲಿನಲ್ಲಿ ವ್ಯಾಕ್ಯೂಮ್ ಗೇಜ್ ಹಾಕಿದರೆ ಗೊತ್ತಾಗುತ್ತದೆ. ಪುಸ್ತಕದಲ್ಲಿ 18ರಿಂದ 21 ಇಂಚು (ಪಾದರಸ) ಅಂತಿದ್ದರೆ ಅದು ಸಮುದ್ರ ಮಟ್ಟದ ಲೆಕ್ಕ. ಸಕಲೇಶಪುರ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ, ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ನಿಮ್ಮಲ್ಲಿ 15ರಿಂದ 18ರ ನಡುವೆ ಮುಳ್ಳು ಅಲುಗಾಡದೆ ನಿಂತರೆ ಸರಿ. 12ರಲ್ಲಿ ನಿಂತರೆ ಬೆಲ್ಟ್ ಕವರ್ ಬಿಚ್ಚಿ.

ಕಾರ್ಬುರೇಟರ್ ಗಾಡಿಗೆ ಎಂಪಿಎಫ್ಐ ಹಾಕಿದಾಗ ಮಾತ್ರ ಬರುವ ತೊಂದರೆ ಒಂದಿದೆ: ರಿಟರ್ನ್ ಪೈಪ್. ಹಳೆಯ ಪಂಪ್ ಕಳಿಸುತ್ತಿದ್ದದ್ದು ಚೂರುಪಾರು ಪೆಟ್ರೋಲ್, ಅದಕ್ಕೆ ತಕ್ಕಂತೆ ರಿಟರ್ನ್ ಪೈಪೂ ಸಪೂರ. ಎಲೆಕ್ಟ್ರಿಕ್ ಪಂಪ್ ಹಾಕಿ ಅದೇ ಪೈಪ್ ಬಿಟ್ಟಿದ್ದರೆ ವಾಪಸ್ ಹೋಗಲು ಜಾಗ ಸಾಲದೆ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪ್) ಪ್ರೆಶರ್ ಏರುತ್ತದೆ. ಎರಡೂವರೆಯಿಂದ ಮೂರು ಬಾರ್ ಇರಬೇಕು. ಮೂರೂವರೆ ದಾಟಿದರೆ ಪೈಪ್ ದಪ್ಪದ್ದು ಹಾಕಿಸಿ. ರೈಲಿನ ಮೇಲಿರುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತು ಮೂಸಿ ನೋಡುವುದನ್ನೂ ಮರೆಯಬೇಡಿ. ಒಳಗೆ ಪೆಟ್ರೋಲ್ ಒದ್ದೆ ಇದ್ದರೆ ಒಳಗಿನ ಡಯಾಫ್ರಂ ಹರಿದಿದೆ.

ಆಕ್ಸಿಜನ್ ಸೆನ್ಸರ್ ಕನೆಕ್ಟ್ ಆಗಿದೆಯಾ ಅಂತಲೂ ನೋಡಿ. ಎಷ್ಟೋ ಗಾಡಿಗಳಲ್ಲಿ ಅದು ಸುಮ್ನೆ ನೇತಾಡುತ್ತಿರುತ್ತದೆ. ಕೂರಿಸಿದ್ದರೂ ಅದಕ್ಕಿಂತ ಮುಂಚಿನ ಗ್ಯಾಸ್ಕೆಟ್ ಲೀಕ್ ಇರಬಾರದು. ಗಾಳಿ ಒಳಗೆ ಬಂದರೆ ಪೆಟ್ರೋಲ್ ಸಾಲದು ಅಂತ ಸೆನ್ಸರ್ ಸುಳ್ಳು ಹೇಳುತ್ತದೆ, ಇಸಿಎಂ ನಂಬುತ್ತದೆ.

ರಿಪೇರಿ ಆದ ಮೇಲೆ ಡಿಪ್‌ಸ್ಟಿಕ್ ತೆಗೆದು ಮೂಸಿ. ಇಷ್ಟು ದಿನ ಸುರಿದ ಪೆಟ್ರೋಲಿನಲ್ಲಿ ಸ್ವಲ್ಪ ಆಯಿಲ್‌ಗೂ ಇಳಿದಿರುತ್ತದೆ. ವಾಸನೆ ಇದ್ದರೆ ಆಯಿಲ್ ಬದಲಾಯಿಸಿಯೇ ಟೆಸ್ಟಿಗೆ ಹೋಗಿ, ಇಲ್ಲದಿದ್ದರೆ ಆ ಆವಿ ಬ್ರೀದರ್ ಪೈಪಿನ ಮೂಲಕ ಮತ್ತೆ ಎಂಜಿನ್ನಿಗೇ ಬಂದು ಅಂಕಿ ಕೆಡಿಸುತ್ತದೆ. ಇಪ್ಪತ್ತು ನಿಮಿಷ ಓಡಿಸಿ ಬಿಸಿ ಬಿಸಿಯಾಗಿಯೇ ನಿಲ್ಲಿಸಿ. ‘ಗಾಡಿ ತರೋದೇ ಬೇಡ, ಫೋಟೋ ಕಳ್ಸಿ, ಚೀಟಿ ಕೊಡ್ತೀವಿ’ ಅನ್ನುವವರೂ ಸಿಗುತ್ತಾರೆ. ಚೀಟಿ ಸಿಗಬಹುದು, ಆದರೆ ತಿಂಗಳ ಪೆಟ್ರೋಲ್ ಖರ್ಚು ಹಾಗೇ ಉಳಿಯುತ್ತದೆ, ಅಲ್ವಾ?

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಿದೆಯಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಬೇಕು. ಗುಜರಿಯವರಿಂದ ಎಂಜಿನ್ ನಂಬರ್ ಬರೆದ ಬಿಲ್ ಇಸ್ಕೊಂಡಿಲ್ಲದಿದ್ದರೆ ಈ ವಾರವೇ ಹೋಗಿ ಇಸ್ಕೊಳ್ಳಿ. ಅದಿಲ್ಲದೆ ಆರ್‌ಟಿಓದಲ್ಲಿ ಮಾತು ಮುಂದಕ್ಕೇ ಹೋಗುವುದಿಲ್ಲ.