ಫಿನ್ನಿ ಕೌಂಟಿಗೆ ಹೊರಟಿರುವ ಧಾರವಾಡದ ತಮ್ಮನಿಗೆ

ತಮ್ಮಾ, ನೀವು ಕೇಳಿದ್ದು ಇಷ್ಟು. ಕ್ಯಾನ್ಸಸ್ ರಾಜ್ಯದ ಗಾರ್ಡನ್ ಸಿಟಿಯಲ್ಲಿ ಹಾಲಿನ ಪುಡಿ ಘಟಕದ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಹೆಂಡತಿ, ಮೂರು ವರ್ಷದ ಮಗಳನ್ನು ಕರೆದುಕೊಂಡು ಬರಬಹುದಾ? ನಮ್ಮವರು ಇದ್ದಾರಾ? ಊಟ, ಶಾಲೆ ಹೇಗೆ? ಭಯ ಏನಾದರೂ ಇದೆಯಾ? ಕೊನೆಗೊಂದು ಸಾಲು: "ಸರ್, ಫಿನ್ನಿ ಕೌಂಟಿ ಜನಸಂಖ್ಯೆ 38,470 ಅಂತ ಓದಿದೆ. ಇಡೀ ಕೌಂಟಿಗೆ ಅಷ್ಟೇನಾ?"

ಹೌದು, ಗಾರ್ಡನ್ ಸಿಟಿ ಇರುವ ಈ ಕೌಂಟಿಗೆ, ಅಂದರೆ ಇಲ್ಲಿನ ಜಿಲ್ಲೆಗೆ, ಅಷ್ಟೇ. 2020ರ ಜನಗಣತಿ ಲೆಕ್ಕ ಅದು. ವಿಸ್ತೀರ್ಣ ಸುಮಾರು 1,300 ಚದರ ಮೈಲಿ. ನಮ್ಮ ಲೆಕ್ಕದಲ್ಲಿ 3,370 ಚದರ ಕಿಲೋಮೀಟರ್ ಆಸುಪಾಸು, ಅಂದರೆ ಕೊಡಗು ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಕೊಡಗಿನಲ್ಲಿ 2011ರಲ್ಲೇ ಐದೂವರೆ ಲಕ್ಷ ಜನ ಇದ್ದರು. ಇಲ್ಲಿನ 38 ಸಾವಿರದಲ್ಲಿ 28 ಸಾವಿರ ಗಾರ್ಡನ್ ಸಿಟಿ ಒಂದರಲ್ಲೇ ಇದ್ದಾರೆ. ಪಕ್ಕದ ಹಾಲ್ಕಂಬ್ ಸಣ್ಣ ಊರು. ಉಳಿದದ್ದೆಲ್ಲ ಹೊಲ, ದನದ ಕೊಟ್ಟಿಗೆ, ಆಕಾಶ.

ಆದರೆ ಇದನ್ನು ಖಾಲಿ ಜಾಗ ಅಂತ ಇಲ್ಲಿನವರ ಮುಂದೆ ಹೇಳಬೇಡಿ, ನಗುತ್ತಾರೆ. ಈ ಸೀಮೆಗೆಲ್ಲ ಗಾರ್ಡನ್ ಸಿಟಿಯೇ ಹುಬ್ಬಳ್ಳಿ. ಆಸ್ಪತ್ರೆ, ದೊಡ್ಡ ಅಂಗಡಿ, ಟ್ರ್ಯಾಕ್ಟರ್ ಬಿಡಿಭಾಗ, ಎಲ್ಲದಕ್ಕೂ ಸುತ್ತಲಿನವರು ಇಲ್ಲಿಗೇ ಬರಬೇಕು. ಈಶಾನ್ಯಕ್ಕೆ ತಾಗಿಕೊಂಡಿರುವ ಲೇನ್ ಕೌಂಟಿಯಲ್ಲಿ ಒಂದೂವರೆ ಸಾವಿರ ಚಿಲ್ಲರೆ ಜನ. ಅತ್ತ ವಾಯವ್ಯಕ್ಕೆ, ಕೊಲೊರಾಡೊ ಗಡಿಯ ಗ್ರೀಲಿ ಕೌಂಟಿಯಲ್ಲಿ 1,284. ಇಂಥ 105 ಕೌಂಟಿ ಸೇರಿ ಒಂದು ಕ್ಯಾನ್ಸಸ್. ನಮ್ಮ ಜಿಲ್ಲೆಯ ಹಾಗೆ ಡಿಸಿ ಸಾಹೇಬರು ಯಾರೂ ಇಲ್ಲ. ಕಮಿಷನರ್‌ಗಳು, ಪೊಲೀಸ್ ಮುಖ್ಯಸ್ಥನಾದ ಶೆರಿಫ್, ಖಜಾಂಚಿ ಎಲ್ಲರನ್ನೂ ಜನರೇ ಆರಿಸುತ್ತಾರೆ. ಕಾರು ಕೊಂಡ ಮೇಲೆ ನೋಂದಣಿ ಮಾಡಿಸೋದು ಆ ಖಜಾಂಚಿ ಕಚೇರಿಯಲ್ಲೇ. ನಂಬರ್ ಪ್ಲೇಟಿನ ಮೂಲೆಗೆ ಫಿನ್ನಿಯ ಗುರುತಾಗಿ ಎಫ್‌ಐ ಅನ್ನೋ ಚೀಟಿ ಬೀಳುತ್ತದೆ. ದೂರದ ವಿಚಿಟಾ ನಗರದ ಪಾರ್ಕಿಂಗಿನಲ್ಲಿ ಇನ್ನೊಂದು ಎಫ್‌ಐ ಕಂಡರೆ ಈಗಲೂ ನನಗೆ ಖುಷಿ. ವಯಸ್ಸಾಯ್ತು, ಏನು ಮಾಡೋದು.

ನೀವು ಒಂದು ವರ್ಷದ ಸಂಖ್ಯೆ ಓದಿದ್ದೀರಿ. ಹಿಂದಿನದನ್ನೂ ಓದಿ. 1980ರಲ್ಲಿ 23,825. 1990ರಲ್ಲಿ 33,070. 2000ದಲ್ಲಿ 40,523. 2010ಕ್ಕೆ ಇಳಿದು 36,776. ಸುತ್ತಲಿನ ಕೌಂಟಿಗಳು ಸೊರಗುತ್ತಿದ್ದ ಹೊತ್ತಿನಲ್ಲಿ ಇದು ಹತ್ತು ವರ್ಷದಲ್ಲಿ ಒಂಬತ್ತು ಸಾವಿರ ಜನರನ್ನು ಸೇರಿಸಿಕೊಂಡಿತು. ಕಾರಣ ದನದ ಮಾಂಸ. 1980ರ ಕೊನೆಗೆ ಹಾಲ್ಕಂಬ್ ಹತ್ತಿರ ದೊಡ್ಡ ಕಾರ್ಖಾನೆ ಶುರುವಾಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು ಅಂತ ಹೆಸರು. ಕೆಲವೇ ವರ್ಷದಲ್ಲಿ ನಗರದ ಅಂಚಿನಲ್ಲಿ ಇನ್ನೊಂದು. ಕೊಯ್ಯುವ ಕೆಲಸಕ್ಕೆ ಸ್ಥಳೀಯರು ಸಾಲಲಿಲ್ಲ. ಮೊದಲು ವಿಯೆಟ್ನಾಂನಿಂದ ತಪ್ಪಿಸಿಕೊಂಡು ಬಂದಿದ್ದವರು, ಆಮೇಲೆ ಮೆಕ್ಸಿಕೊ, ಮಧ್ಯ ಅಮೆರಿಕದವರು, ಈಚೆಗೆ ಸೊಮಾಲಿಯಾ, ಬರ್ಮಾದವರು ಬಂದರು. ಈಗ ಕೌಂಟಿಯ ಅರ್ಧದಷ್ಟು ಜನ ಹಿಸ್ಪ್ಯಾನಿಕ್, ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು. ಜನಗಣತಿಯ ಏಷ್ಯನ್ ಕಾಲಮ್ಮಿನಲ್ಲಿ ಕಾಣುವವರಲ್ಲಿ ಬಹುಪಾಲು ವಿಯೆಟ್ನಾಂ, ಬರ್ಮಾ ಮೂಲದವರು. ನಾವು ಅದರೊಳಗೆ ಎಲ್ಲೋ ಕಳೆದುಹೋಗಿದ್ದೇವೆ. ಹಾಗಾಗಿ ರಸ್ತೆಯಲ್ಲಿ ನಿಮ್ಮ ಬಣ್ಣ ನೋಡಿ ಯಾರೂ ತಿರುಗಿ ನೋಡುವುದಿಲ್ಲ. ಹಳ್ಳಿ ಅಮೆರಿಕ ಅಂದರೆ ಬರೀ ಬಿಳಿಯರು ಅಂತ ಅಂದುಕೊಂಡು ಬಂದವರಿಗೆ ಇದೇ ಮೊದಲ ಆಶ್ಚರ್ಯ.

ನಮಗಂತೂ ಮೊದಲ ಆಶ್ಚರ್ಯ ಬೇರೆ. 1999ರಲ್ಲಿ ಬಂದಾಗ ಸಣ್ಣ ವಿಮಾನದ ಕಿಟಕಿಯಿಂದ ಕೆಳಗೆ ನೋಡಿದರೆ ಹೊಲಗಳೆಲ್ಲ ದುಂಡಗೆ. "ಹಿಂಗ ದುಂಡಗ ಯಾರು ಬಿತ್ತ್ಯಾರ್ರೀ?" ಅಂತ ನನ್ನ ಹೆಂಡತಿ ಕೇಳಿದಳು. ಅದು ಸೆಂಟರ್ ಪಿವೋಟ್. ನಡುವೆ ಬೋರು, ಅದರ ಸುತ್ತ ಗಡಿಯಾರದ ಮುಳ್ಳಿನಂತೆ ತಿರುಗುವ ಕಾಲು ಮೈಲಿ ಉದ್ದದ ಕೊಳವೆ. 160 ಎಕರೆ ಚೌಕದಲ್ಲಿ ಸುಮಾರು 125 ಎಕರೆ ನೆನೆಯುತ್ತದೆ, ಮೂಲೆಗಳು ಒಣಗಿರುತ್ತವೆ. ನನ್ನ ನೌಕರಿಯೂ ಈ ನೀರಿನ ಲೆಕ್ಕದ್ದೇ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳಿದರೆ ಸಹಿಸಿಕೊಳ್ಳಿ. ಇಲ್ಲಿ ಮಳೆ ವರ್ಷಕ್ಕೆ 500 ಮಿಲಿಮೀಟರ್ ಕೂಡ ಇಲ್ಲ, ವಿಜಯಪುರಕ್ಕಿಂತ ಕಮ್ಮಿ. ಬೆಳೆ ನಿಂತಿರುವುದು ಓಗಲ್ಲಾಲಾ ಎನ್ನುವ ಅಂತರ್ಜಲದ ಮೇಲೆ. ಮಳೆ ತುಂಬಿಸುವುದಕ್ಕಿಂತ ಬೋರು ಎತ್ತುವುದು ಎಷ್ಟೋ ಪಟ್ಟು ಹೆಚ್ಚು, ಮಟ್ಟ ಇಳಿಯುತ್ತಲೇ ಇದೆ. ನಕ್ಷೆಯಲ್ಲಿ ಊರ ದಕ್ಷಿಣಕ್ಕೆ ಅರ್ಕಾನ್ಸಾಸ್ ನದಿ ಅಂತ ನೀಲಿ ಗೆರೆ ಕಾಣುತ್ತದಲ್ಲ, ಬಂದು ನೋಡಿದರೆ ಮರಳು. ಮೇಲಿನ ಕೊಲೊರಾಡೊ ಜೊತೆ 1949ರ ಒಪ್ಪಂದ ಇದೆ. ಅದನ್ನು ಕೊಲೊರಾಡೊ ಮುರಿದಿದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ನೀರಂತೂ ಬರಲಿಲ್ಲ. ಮೇಲಿನ ರಾಜ್ಯ, ಕೆಳಗಿನ ರಾಜ್ಯದ ಜಗಳ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಜೋಳ. ಇದನ್ನು ನೋಡಿ ನಿಮ್ಮ ಹೊಟ್ಟೆ ಉರಿಯುತ್ತದೆ. ಅಮೆರಿಕದಲ್ಲಿ ಹೆಚ್ಚು ಜೋಳ ಬೆಳೆಯುವ ರಾಜ್ಯವೇ ಕ್ಯಾನ್ಸಸ್. ಇಲ್ಲಿ ಅದಕ್ಕೆ ಮೈಲೊ ಅನ್ನುತ್ತಾರೆ. ಮೊಣಕಾಲಿಗಿಂತ ಸ್ವಲ್ಪ ಎತ್ತರ, ಕೆಂಪು ತೆನೆ, ಸೆಪ್ಟೆಂಬರ್‌ನಲ್ಲಿ ಕಣ್ಣು ಹಾಯುವವರೆಗೆ. ಬಹುಪಾಲು ದನಕ್ಕೆ, ಎಥನಾಲಿಗೆ. ಗದಗ ಕಡೆಯವನಿಗೆ ಇದು ಸಹಿಸುವ ಮಾತೇ? ಪರಿಚಯದ ರೈತನಿಂದ ಒಂದು ಬಕೆಟ್ ತಂದು ಬೀಸಿ ರೊಟ್ಟಿ ತಟ್ಟಿಸಿದೆ. ಹಿಟ್ಟು ಇಟ್ಟಿಗೆ ಬಣ್ಣ, ಜಿಗಿ ಇಲ್ಲ, ಹಂಚಿಗೆ ಹಾಕುವ ಮೊದಲೇ ಅಂಚು ಒಡೆಯಿತು. ಬಿಜಾಪುರದ ಬಿಳಿ ಜೋಳದ ರುಚಿ ಎಲ್ಲಿಂದ ಬರಬೇಕು. ಈಗ ಬಿಳಿ ಜೋಳದ ಹಿಟ್ಟು ಅಂಚೆಯಲ್ಲಿ ಬರುತ್ತದೆ, ಬೆಲೆ ಮಾತ್ರ ಕೇಳಬೇಡಿ. ಕೊತ್ತಂಬರಿ, ಹಸಿಮೆಣಸಿನಕಾಯಿ, ಹುಣಸೆಹಣ್ಣು ಮೆಕ್ಸಿಕನ್ ಅಂಗಡಿಯಲ್ಲಿ ಧಾರಾಳ. ಅಕ್ಕಿ ವಿಯೆಟ್ನಾಮಿಗಳ ಅಂಗಡಿಯಲ್ಲಿ. ತೊಗರಿಬೇಳೆ ವಿಚಿಟಾದಿಂದ. ಹೋಟೆಲಿನ ಬೀನ್ಸ್‌ಗೆ, ಕೆಲವು ಗೋಧಿ ಟೋರ್ಟಿಯಾಗೆ ಹಂದಿ ಕೊಬ್ಬು ಹಾಕಿರುತ್ತಾರೆ, ಕೇಳಿಯೇ ತಿನ್ನಿ.

ಶಾಲೆ ಚೆನ್ನಾಗಿದೆ. ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳು ಅವರಿಗೆ ಹೊಸದಲ್ಲ, ಆ ಬಗ್ಗೆ ಚಿಂತೆ ಬಿಡಿ.

ಭಯದ ವಿಷಯ ಮುಚ್ಚಿಡುವುದಿಲ್ಲ. 2016ರಲ್ಲಿ ಇಲ್ಲಿ ಸೊಮಾಲಿ ಜನ ವಾಸಿಸುವ ಅಪಾರ್ಟ್‌ಮೆಂಟಿಗೆ ಬಾಂಬ್ ಇಡಲು ಸಂಚು ಮಾಡಿದ ಮೂವರು ಸಿಕ್ಕಿಬಿದ್ದರು. ಇಪ್ಪತ್ತೈದು ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ ಆಯಿತು. 2017ರಲ್ಲಿ ಇದೇ ರಾಜ್ಯದ ಓಲೇಥಾದಲ್ಲಿ, ನಮ್ಮಿಂದ ದಿನದ ಪ್ರಯಾಣದಷ್ಟು ದೂರ, ಹೈದರಾಬಾದಿನ ಹುಡುಗನೊಬ್ಬನನ್ನು ಬಾರಿನಲ್ಲಿ ಗುಂಡಿಟ್ಟು ಕೊಂದರು. ಆ ವಾರ ನಮ್ಮ ಮನೆಯಲ್ಲೂ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಇಷ್ಟು ವರ್ಷದಲ್ಲಿ ನನಗೆ ಯಾರೂ ಕೆಟ್ಟ ಮಾತಾಡಿಲ್ಲ ಅನ್ನುವುದೂ ನಿಜ. ಎರಡನ್ನೂ ತೂಗಿ ನೋಡಿ. ನನ್ನ ಕೇಳಿದರೆ ಜನಕ್ಕಿಂತ ರಸ್ತೆಗೆ ಹೆದರಿ. ಈ ಕೌಂಟಿಯಲ್ಲಿ ಇಂಟರ್‌ಸ್ಟೇಟ್ ಇಲ್ಲ, ಹೆಚ್ಚಾಗಿ ಎರಡೇ ಪಟ್ಟಿಯ ಹೆದ್ದಾರಿ. ಎದುರಿಗೆ ದನದ ಲಾರಿ, ರಾತ್ರಿ ಅಡ್ಡ ಬರುವ ಜಿಂಕೆ, ಚಳಿಗಾಲದಲ್ಲಿ ಗಾಳಿಗೆ ಹಾರಿ ಬಂದು ರಸ್ತೆ ಮುಚ್ಚುವ ಹಿಮ. ವಿಚಿಟಾಕ್ಕೆ 200 ಮೈಲಿಗೂ ಮೇಲೆ, ಮೂರೂವರೆ ತಾಸು. ಹತ್ತಿರದ ದೇವಸ್ಥಾನವೂ ಅಲ್ಲೇ, ಕೆಲವು ಸ್ಪೆಷಲಿಸ್ಟ್ ವೈದ್ಯರೂ ಅಲ್ಲೇ.

ಈಗ ನಿಮ್ಮ ಮುಖ್ಯ ಪ್ರಶ್ನೆ, ನಮ್ಮವರು ಇದ್ದಾರಾ ಅನ್ನೋದು. ಒಂದೆರಡು ಮನೆ ಯಾವಾಗಲೂ ಇರುತ್ತವೆ, ಆದರೆ ಅದೇ ಮನೆಗಳಲ್ಲ. ಬರುವವರಲ್ಲಿ ಹೆಚ್ಚಿನವರು ಡಾಕ್ಟರು. ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದವರು ಎರಡು ವರ್ಷ ಭಾರತಕ್ಕೆ ಮರಳಬೇಕು, ಇಲ್ಲವೇ ಡಾಕ್ಟರ ಕೊರತೆ ಇರುವ ಇಂಥ ಕಡೆ ಮೂರು ವರ್ಷ ಕೆಲಸ ಮಾಡಬೇಕು. ಮೂರು ವರ್ಷ ಮುಗಿಯುತ್ತಲೇ ಡಲ್ಲಾಸ್, ಶಿಕಾಗೊ. ಅವರ ತಪ್ಪಲ್ಲ. ಆದರೆ ಯುಗಾದಿಗೆ ಹೋಳಿಗೆ ಹಂಚಿಕೊಂಡವರು ದೀಪಾವಳಿಗೆ ಟ್ರಕ್ ತುಂಬುತ್ತಿದ್ದರೆ ಮಕ್ಕಳಿಗೆ ಏನಂತ ಹೇಳುವುದು? ಜನಗಣತಿಯಲ್ಲಿ 36, 38 ಅಂತ ಸಾವಿರದ ಲೆಕ್ಕ ಹೆಚ್ಚುಕಮ್ಮಿ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ಒಳಗಿನ ಜನ ಮಾತ್ರ ಬದಲಾಗುತ್ತಲೇ ಇರುತ್ತಾರೆ.

ನಾವಿದನ್ನು ಕಲಿತದ್ದು ಬೇರೆ ರೀತಿ. 2000ದ ಡಿಸೆಂಬರ್ ಮೊದಲ ವಾರ ಮಗಳು ಹುಟ್ಟಿದಳು. ಅತ್ತೆಗೆ ವೀಸಾ ಸಿಗಲಿಲ್ಲ, ಅಪ್ಪನ ಕಾಯಿಲೆಯಿಂದ ಅಮ್ಮ ಬರುವ ಹಾಗಿರಲಿಲ್ಲ. ಬಾಣಂತನ ಯಾರು ಮಾಡಬೇಕು? ಪಕ್ಕದ ಮನೆಯಲ್ಲಿ ಮೆಕ್ಸಿಕೊದ ಚಿವಾವಾ ಕಡೆಯ ಅಮ್ಮ ಒಬ್ಬರಿದ್ದರು, ಗಂಡ ನಗರದ ಅಂಚಿನ ಮಾಂಸದ ಕಾರ್ಖಾನೆಯಲ್ಲಿ. ಅವರಿಗೆ ಇಂಗ್ಲಿಷ್ ಬರದು, ನಮಗೆ ಸ್ಪ್ಯಾನಿಷ್ ಬರದು. ನಾವು ಆಸ್ಪತ್ರೆಯಿಂದ ಬಂದ ದಿನವೇ ಒಳಗೆ ಬಂದರು. ಮೇಜಿನ ಮೇಲಿದ್ದ ಐಸ್ ನೀರಿನ ಲೋಟ ನೋಡಿ ಹೌಹಾರಿ ಸಿಂಕಿಗೆ ಸುರಿದರು. ಕಿಟಕಿ ಮುಚ್ಚಿದರು. ಹೆಂಡತಿಯ ತಲೆಗೆ ಬಟ್ಟೆ ಸುತ್ತಿದರು, ಹೊಟ್ಟೆ ಕಟ್ಟಿದರು. ನಾಲ್ಕು ಬೆರಳು ತೋರಿಸಿ, ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರು. ನಲವತ್ತು ದಿನ. ಅವರಲ್ಲೂ ಅದೇ ಲೆಕ್ಕವಂತೆ! ಅಂದಿನಿಂದ ದಿನಾ ಬೆಳಿಗ್ಗೆ ಮೆಕ್ಕೆಜೋಳದ ಬಿಸಿ ಗಂಜಿ, ದಾಲ್ಚಿನ್ನಿ ಹಾಕಿದ್ದು, ತಂದು ಕುಡಿಸಿಯೇ ಹೋಗುತ್ತಿದ್ದರು. ನನ್ನ ಹೆಂಡತಿ ಅವರ ಮುಂದೆ ಕನ್ನಡದಲ್ಲೇ ಅಳುತ್ತಿದ್ದಳು, ಅವರು ಸ್ಪ್ಯಾನಿಷ್‌ನಲ್ಲಿ ಬೈಯುತ್ತಿದ್ದರು.

ಕ್ರಿಸ್‌ಮಸ್ ರಾತ್ರಿ ಆ ಕಾರ್ಖಾನೆಗೆ ಬೆಂಕಿ ಬಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸ ಒಂದೇ ರಾತ್ರಿಗೆ ಹೋಯಿತು. ಮರುದಿನ ಬೆಳಿಗ್ಗೆಯೂ ಗಂಜಿ ಬಂತು. ಕಾರ್ಖಾನೆ ಮತ್ತೆ ತೆರೆಯಲೇ ಇಲ್ಲ. 2010ರಲ್ಲಿ ಇಳಿದ ಆ ಮೂರೂಮುಕ್ಕಾಲು ಸಾವಿರ ನಿಮಗೆ ಅಂಕಿ, ನಮಗೆ ನಮ್ಮ ಓಣಿ. ಗಂಡ ಹೊಸ ವರ್ಷದ ಹೊತ್ತಿಗೆ ನೆಬ್ರಾಸ್ಕ ಕಡೆ ಕೆಲಸ ಹುಡುಕಿಕೊಂಡು ಹೋದ. ಆಕೆ ಉಳಿದರು. ನಲವತ್ತು ಮುಗಿದ ಮೇಲೆ ಒಂದು ಶನಿವಾರ ಪಿಕಪ್ ಬಂತು, ಹೋದರು. ನಾವು ಅವರನ್ನು ಕರೆಯುತ್ತಿದ್ದದ್ದು ಸೆನ್ಯೋರಾ ಅಂತ, ಅಷ್ಟೇ. ಪೂರ್ತಿ ಹೆಸರು ಗೊತ್ತಿಲ್ಲ. ನೆಬ್ರಾಸ್ಕದಲ್ಲಿ ಯಾವ ಊರು ಅಂತ ಗೊತ್ತಿಲ್ಲ. ಮೊಬೈಲ್ ಇಲ್ಲದ ಕಾಲ. ಆಮೇಲೆ ಚರ್ಚಿನಲ್ಲಿ ಕೇಳಿದೆ, ಅಂಗಡಿಯಲ್ಲಿ ಕೇಳಿದೆ. ಆ ವರ್ಷ ಹೋದವರು ಅಷ್ಟು ಜನ, ಯಾರಿಗೆ ಯಾರ ನೆನಪು? ಮಗಳು ದೊಡ್ಡವಳಾಗಿ ಓದು ಮುಗಿಸಿ ಕೆಲಸಕ್ಕೆ ಸೇರಿದಾಗ, ಮೊದಲ ಸಂಬಳದಲ್ಲಿ ಅಜ್ಜಿಗೆ ಒಂದು ಸೀರೆ, ಆ ಅಮ್ಮನಿಗೆ ಒಂದು ಶಾಲು ತರಬೇಕು ಅಂದಳು. ಸೀರೆ ಊರಿಗೆ ಹೋಯಿತು. ಶಾಲಿನ ಮೇಲೆ ವಿಳಾಸ ಏನಂತ ಬರೆಯೋಣ?

ಅದಕ್ಕೇ ಹೇಳುವುದು, ನಮ್ಮವರು ಎಷ್ಟು ಮನೆ ಅಂತ ಎಣಿಸಿಕೊಂಡು ಬರಬೇಡಿ. ಪಕ್ಕದ ಮನೆಯವರು ಯಾರೇ ಇರಲಿ, ಮೊದಲ ವಾರವೇ ಹೋಗಿ ಮಾತಾಡಿಸಿ. ಹೆಸರು, ಊರು, ಅವರ ಅಣ್ಣ ತಮ್ಮಂದಿರು ಎಲ್ಲಿದ್ದಾರೆ ಅನ್ನೋದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರನ್ನೂ "ಯಾವೂರ್ರೀ?" ಅಂತ ಕೇಳುತ್ತೇವೆ. ಇಲ್ಲಿ ಬಂದ ಮೇಲೆ ಯಾಕೋ ನಾಚಿಕೆ ಪಡುತ್ತೇವೆ.

ಹೆಂಡತಿ ಮಗಳನ್ನು ಜೊತೆಗೇ ಕರೆದುಕೊಂಡು ಬನ್ನಿ. ಒಬ್ಬರೇ ಮೊದಲು ಬಂದು ನೋಡ್ತೀನಿ ಅನ್ನುವವರು ಚಳಿಗಾಲದಲ್ಲಿ ಸೋತು ವಾಪಸ್ ಹೋಗುತ್ತಾರೆ. ಆದರೆ ನಿಮ್ಮ ಹೆಂಡತಿಗೆ ಬರುವ ಡಿಪೆಂಡೆಂಟ್ ವೀಸಾದಲ್ಲಿ ಸಾಮಾನ್ಯವಾಗಿ ಬಂದ ಕೂಡಲೇ ಕೆಲಸ ಮಾಡುವ ಹಾಗಿಲ್ಲ, ಅದನ್ನು ಅವರ ಜೊತೆ ಈಗಲೇ ಕೂತು ಮಾತಾಡಿ. ಅವರೂ ಕಾರು ಕಲಿತೇ ಬರಲಿ. ಮಗಳ ಲಸಿಕೆ ದಾಖಲೆ ಕೈಚೀಲದಲ್ಲಿ ಇರಲಿ. ಮನೆ ನೋಡುವಾಗ ನೆಲಮಾಳಿಗೆ ಇದೆಯಾ ಕೇಳಿ, ಇಲ್ಲದಿದ್ದರೆ ಸುಂಟರಗಾಳಿ ಸೈರನ್ ಕೂಗಿದಾಗ ಎಲ್ಲಿಗೆ ಹೋಗಬೇಕು ಅಂತ ಕೇಳಿ. ಇನ್ನು ವಾಸನೆ. ಮಾಂಸಕ್ಕೆ ದನ ಕೂಡಿಹಾಕಿ ಕೊಬ್ಬಿಸುವ ಫೀಡ್‌ಲಾಟ್ ಕಡೆಯಿಂದ ಗಾಳಿ ಬೀಸಿದರೆ, ಇದು ದುಡ್ಡಿನ ವಾಸನೆ ಅಂತ ಇಲ್ಲಿನವರು ನಗುತ್ತಾರೆ. ಹಸುವಿನ ಗಂಜಲದಲ್ಲಿ ಬೆಳೆದ ನಮಗೂ ಅದು ಜಾಸ್ತಿಯೇ. ಬಾಡಿಗೆಗೆ ಮುಂಗಡ ಕೊಡುವ ಮೊದಲು ಮನೆ ವಿಳಾಸ ಕಳಿಸಿ, ಯಾವ ಗಾಳಿಗೆ ಅಲ್ಲಿ ಏನು ಬರುತ್ತದೆ ಅಂತ ನಾನು ಒಮ್ಮೆ ಹೋಗಿ ನಿಂತು ನೋಡಿ ಹೇಳುತ್ತೇನೆ.