ಮಳೆಗಾಲ ಕಳೆದ ಮೇಲೆ ಲಾರಿಯ ಲೈಟು ಮಂಕು, ರೇಡಿಯೋದಲ್ಲಿ ಕುಂಯ್ ಸದ್ದು

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ 1994ರ ಡೀಸೆಲ್ ಮಿನಿ ಲಾರಿ ಇದೆ, 12 ವೋಲ್ಟಿನದು. ಈ ಮಳೆಗಾಲ ಮುಗಿದ ಮೇಲೆ ಹೆಡ್‌ಲೈಟ್ ಮಂಕಾಗಿದೆ. ಬ್ರೇಕ್ ತುಳಿದರೆ ಹಿಂದಿನ ಇಂಡಿಕೇಟರ್ ಕೂಡ ಮಿಣಮಿಣ ಎನ್ನುತ್ತದೆ. ಹೊಸ ಸ್ಟೀರಿಯೋ ಹಾಕಿಸಿದೆವು; ಆಕ್ಸಿಲರೇಟರ್ ಒತ್ತಿದಷ್ಟೂ ಕುಂಯ್ ಎನ್ನುವ ಸದ್ದು ಏರುತ್ತದೆ. ಎರಡು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ತೆಗೆದುಕೊಂಡು ಒಂದೇ ವರ್ಷವಾಯಿತು. ಇಡೀ ವೈರಿಂಗ್ ಬದಲಿಸಿ ಎನ್ನುತ್ತಾರೆ. ಬೇಕೇ?
— ಓದುಗರು, ನಾಪೋಕ್ಲು

ಉತ್ತರ: ಈಗಲೇ ಒಪ್ಪಿಕೊಳ್ಳಬೇಡಿ. ನೀವು ಬರೆದಿರುವುದು ನಾಲ್ಕು ತೊಂದರೆ, ಆದರೆ ಬೇರು ಎರಡೇ ಇರುವ ಸಾಧ್ಯತೆ ಹೆಚ್ಚು. ಹೆಡ್‌ಲೈಟ್, ಇಂಡಿಕೇಟರ್ ಎರಡೂ ಅರ್ಥಿಂಗ್‌ನತ್ತ, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿಯತ್ತ, ಬೆರಳು ತೋರಿಸುತ್ತಿವೆ. ಮೊದಲು ಅಲ್ಲಿಗೇ ಹೋಗಿ.

ಗಾಡಿಯಲ್ಲಿ ಬಲ್ಬಿಗೆ ಕರೆಂಟು ಹೋಗುವುದು ವೈರಿನಲ್ಲಿ, ವಾಪಸ್ ಬರುವುದು ಚಾಸಿಯ ಕಬ್ಬಿಣದಲ್ಲಿ. ಆದರೆ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಕ್ಯಾಬಿನ್ ಕೂತಿರುವುದೂ ರಬ್ಬರಿನ ಮೇಲೆ. ಇವನ್ನು ಚಾಸಿಗೆ ಸೇರಿಸುವುದು ಹೆಣೆದ ತಾಮ್ರದ ಪಟ್ಟಿ, ಅದರ ತುದಿಗೊಂದು ಬೋಲ್ಟು, ಅಷ್ಟೇ. ಆ ಬೋಲ್ಟಿನ ಅಡಿ ತುಕ್ಕು ಹಿಡಿದರೆ ದಾರಿ ಮುಚ್ಚಿದಂತೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಸಿ ಒಣಗುವುದೇ ಇಲ್ಲ. ಸಾಲದ್ದಕ್ಕೆ ತೋಟದ ಗಾಡಿ ಗೊಬ್ಬರವನ್ನೂ ಹೊರುತ್ತದೆ. ಪೊಟ್ಯಾಷ್ ಎಂದರೆ ಒಂದು ಬಗೆಯ ಉಪ್ಪು. ಮೂಟೆಯಿಂದ ಉದುರಿದ್ದು ಮಳೆನೀರಿನಲ್ಲಿ ಕರಗಿ ಸಂದಿಗೆ ಇಳಿದರೆ ಕಬ್ಬಿಣವನ್ನೂ ತಾಮ್ರವನ್ನೂ ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನವೇ ಹಿಂಭಾಗ ತೊಳೆಯುವ ಅಭ್ಯಾಸ ಮಾಡಿಕೊಳ್ಳಿ.

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ಇಟ್ಟು ಹೆಡ್‌ಲೈಟ್ ಹಾಕಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ ಮುಟ್ಟಿಸಿ, ಕ್ಲಾಂಪಿಗಲ್ಲ. ಕೆಂಪು ಕಡ್ಡಿಯನ್ನು ಹೆಡ್‌ಲೈಟಿನ ಅರ್ಥ್ ವೈರಿಗೆ. 0.2 ವೋಲ್ಟಿನ ಒಳಗಿದ್ದರೆ ದಾರಿ ಸರಿಯಿದೆ. 1 ವೋಲ್ಟು ತೋರಿಸಿದರೆ ಅಷ್ಟು ದಾರಿಯಲ್ಲೇ ಸೋರಿಹೋಗಿದೆ. 12 ವೋಲ್ಟಿನ ಬಲ್ಬಿಗೆ ಹತ್ತೂವರೆ ಸಿಕ್ಕರೆ ಬೆಳಕು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ. ಘಟ್ಟದ ತಿರುವಿನಲ್ಲಿ, ಮಂಜಿನಲ್ಲಿ ಆ ಬೆಳಕು ನಂಬಿ ಓಡಿಸುವುದು ಬೇಡ.

ಕಪ್ಪು ಕಡ್ಡಿ ಅಲ್ಲೇ ಇರಲಿ, ಕೆಂಪನ್ನು ಚಾಸಿಗೆ, ಕ್ಯಾಬಿನ್ನಿಗೆ ಒಂದೊಂದಾಗಿ ಮುಟ್ಟಿಸುತ್ತ ಹೋಗಿ. ಎಲ್ಲಿ ಅಂಕಿ ಜಿಗಿಯುತ್ತದೋ ಅದರ ಹಿಂದಿನ ಜೋಡಣೆಯೇ ಕೆಟ್ಟಿರುವುದು. ಎಂಜಿನ್ ಪಟ್ಟಿಯನ್ನು ಸೆಲ್ಫ್ ಹೊಡೆಯುತ್ತ ನೋಡಬೇಕು, ಆಗ ಅರ್ಧ ವೋಲ್ಟಿನೊಳಗೆ ಇರಲಿ. ಅದು ಕಡಿದಿದ್ದರೆ ಸ್ಟಾರ್ಟರಿನ ನೂರಕ್ಕೂ ಹೆಚ್ಚು ಆಂಪಿಯರ್ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಕಾದು ಹೊಗೆಯಾಡಿದ್ದೂ ಇದೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ಬೋಲ್ಟು ತೆಗೆದು, ಬಣ್ಣ ತುಕ್ಕು ಎರಡನ್ನೂ ಎಮರಿ ಕಾಗದದಲ್ಲಿ ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಿ. ಬಿಗಿದ ಮೇಲೆ ವ್ಯಾಸಲಿನ್ ಬಳಿಯಿರಿ. ಪಟ್ಟಿ ಹಸಿರುಗಟ್ಟಿದ್ದರೆ ಹೊಸದೇ ಹಾಕಿ.

ಬ್ರೇಕ್ ತುಳಿದಾಗ ಇಂಡಿಕೇಟರ್ ಮಿಣುಕುವುದೂ ಇದೇ ರೋಗ. ಹಿಂದಿನ ದೀಪದ ಡಬ್ಬದಲ್ಲಿ ಎಲ್ಲ ಬಲ್ಬಿಗೂ ಅರ್ಥ್ ಒಂದೇ. ಅದು ಕೈಕೊಟ್ಟರೆ ಬ್ರೇಕಿನ ಕರೆಂಟು ಪಕ್ಕದ ಬಲ್ಬಿನ ತಂತಿಯಲ್ಲಿ ನುಗ್ಗಿ ವಾಪಸ್ ಹೋಗುತ್ತದೆ. ಆ ಡಬ್ಬದಿಂದ ಚಾಸಿಗೆ ಒಂದು ವೈರು ಹೊಸದಾಗಿ ಎಳೆಸಿ.

ಅರ್ಥ್ ಸರಿಯಾದ ಮೇಲೂ ಹೆಡ್‌ಲೈಟ್ ಮಂಕೇ ಇದ್ದರೆ ಸ್ವಿಚ್ಚಿನ ಕಡೆ ನೋಡಿ. 55 ವಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್. ಹಳೆಯ ಗಾಡಿಗಳಲ್ಲಿ ಅಷ್ಟೂ ಸ್ವಿಚ್ಚಿನ ಮೂಲಕವೇ ಹಾಯುತ್ತದೆ. ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಹಾಕಿಸಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ವೈರು ಕೊಡಿಸಿ.

ಇನ್ನು ಕುಂಯ್ ಸದ್ದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಆದ್ದರಿಂದ ಎಂಜಿನ್ ವೇಗದ ಜೊತೆ ಏರುವ ಸದ್ದಿಗೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಾರಣ. ಸ್ಟೀರಿಯೋ ಹಿಂದಿನಿಂದ ಆಂಟೆನಾ ಕಿತ್ತು ನೋಡಿ. ಸದ್ದು ಉಳಿದರೆ ಅದು ಬರುತ್ತಿರುವುದು ಪವರ್ ವೈರಿನಲ್ಲಿ ಅಥವಾ ಅರ್ಥಿನಲ್ಲಿ. ನಿಂತರೆ ಆಂಟೆನಾ ಬುಡದ ತುಕ್ಕು ಕೆರೆದು ಬಿಗಿಯಿರಿ, ಕೇಬಲ್ಲಿನ ಹೊರ ಜಾಲರಿ ಗಾಡಿಯ ಲೋಹದ ಮೈಗೆ ಗಟ್ಟಿಯಾಗಿ ತಾಗಬೇಕು. ಗುಡ್ಡದ ಮರೆಗೆ ಇಳಿದಾಗ ಮಾತ್ರ ಮಡಿಕೇರಿ ಆಕಾಶವಾಣಿಯ 103.1 ಕೊಸಕೊಸ ಎಂದರೆ ವೈರಿಂಗನ್ನು ದೂರಬೇಡಿ, ಎಫ್‌ಎಂ ಅಲೆ ಬೆಟ್ಟ ದಾಟಿ ಬಾಗುವುದು ಕಡಿಮೆ.

ಈಗ ಬ್ಯಾಟರಿ. ಎರಡು ದಿನದಲ್ಲಿ ಇಳಿಯಬೇಕಾದರೆ ಹೆಚ್ಚುಕಡಿಮೆ 1 ಆಂಪಿಯರ್ ಸೋರುತ್ತಿರಬೇಕು. ಚಾವಿ ತೆಗೆದು, ಬಾಗಿಲು ಮುಚ್ಚಿ, ನೆಗೆಟಿವ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಇಡಿ. ಆ ಹೊತ್ತಿನಲ್ಲಿ ಯಾರೂ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ. 0.05 ಆಂಪಿಯರಿನ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳಿ. ಯಾವುದು ತೆಗೆದಾಗ ಅಂಕಿ ಬೀಳುತ್ತದೋ ಕಳ್ಳ ಅಲ್ಲಿದ್ದಾನೆ. ಸ್ಟೀರಿಯೋದ ಹಳದಿ ವೈರು ಬ್ಯಾಟರಿಗೆ, ಕೆಂಪು ವೈರು ಚಾವಿಯ ಲೈನಿಗೆ ಹೋಗಬೇಕು. ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಟ್ಟಿದ್ದಾರೆಯೇ ನೋಡಿ, ಅವಸರದ ಫಿಟ್ಟಿಂಗ್‌ನಲ್ಲಿ ಇದು ಸಾಮಾನ್ಯ.

ಯಾವ ಫ್ಯೂಸಿಗೂ ಬಗ್ಗದಿದ್ದರೆ ನನ್ನ ಅನುಮಾನ ಆಲ್ಟರ್ನೇಟರಿನ ಡಯೋಡಿನ ಮೇಲೆ, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗದ ಮೇಲೆ. ಕೆಟ್ಟ ಡಯೋಡ್ ನಿಂತ ಗಾಡಿಯಲ್ಲಿ ಬ್ಯಾಟರಿ ಹೀರುತ್ತದೆ, ಓಡುವ ಗಾಡಿಯಲ್ಲಿ ರೇಡಿಯೋಗೆ ಕುಂಯ್ ಕೊಡುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಡಿಸಿ 13.8ರಿಂದ 14.4 ಇರಬೇಕು. ಅದೇ ಕಂಬಗಳಲ್ಲಿ ಮೀಟರನ್ನು ಎಸಿಗೆ ತಿರುಗಿಸಿ ನೋಡಿ. ಅರ್ಧ ವೋಲ್ಟು ದಾಟಿದರೆ ಆಲ್ಟರ್ನೇಟರ್ ಬಿಚ್ಚಿಸಿ ಡಯೋಡ್ ಪ್ಲೇಟ್ ಪರೀಕ್ಷೆ ಮಾಡಿಸಿ. ಅಗ್ಗದ ಕೆಲವು ಮೀಟರುಗಳು ಡಿಸಿಯನ್ನೇ ಎಸಿ ಎಂದು ತೋರಿಸುತ್ತವೆ, ಎಂಜಿನ್ ನಿಲ್ಲಿಸಿದಾಗ ಸೊನ್ನೆ ಬರುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಒಂದು ಕಳಕಳಿಯ ಮಾತು: ಫ್ಯೂಸ್ ಪದೇ ಪದೇ ಹೋದರೆ ದಪ್ಪ ತಂತಿ ಸುತ್ತಬೇಡಿ. ಫ್ಯೂಸಿನ ಬದಲು ವೈರೇ ಉರಿಯುತ್ತದೆ, ಅದರ ಮೇಲೆ ನಿಮ್ಮ ಕ್ಯಾಬಿನ್ ಇದೆ.

ಪ್ರಶ್ನೆ: ನಮ್ಮ ಲಾರಿಯಲ್ಲಿ ಎರಡು ಬ್ಯಾಟರಿ, 24 ವೋಲ್ಟ್. ಕಾರಿನ ಸ್ಟೀರಿಯೋವನ್ನು ಒಂದು ಬ್ಯಾಟರಿಯಿಂದ ಕೊಟ್ಟಿದ್ದೇವೆ. ತಪ್ಪೇ?
— ಓದುಗರು, ಕುಶಾಲನಗರ

ಉತ್ತರ: ತಪ್ಪು. ಒಂದು ಬ್ಯಾಟರಿ ಮಾತ್ರ ಇಳಿಯುತ್ತದೆ, ಆದರೆ ಚಾರ್ಜ್ ಆಗುವುದು ಎರಡೂ ಒಟ್ಟಿಗೆ. ಇಳಿದದ್ದು ಪೂರ್ತಿ ತುಂಬುವುದಿಲ್ಲ, ತುಂಬಿದ್ದು ಅತಿಯಾಗಿ ಕುದಿದು ನೀರು ಕಳೆದುಕೊಳ್ಳುತ್ತದೆ. ಕೊನೆಗೆ ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಆಂಟೆನಾ ಕೇಬಲ್ಲಿನಿಂದ ದೂರ ಇಡಿ. ಸ್ಪೀಕರಿನ ಎರಡೂ ವೈರು ಸ್ಟೀರಿಯೋಗೇ ಬರಲಿ; ಹಳೆಯ ರೂಢಿಯಂತೆ ಒಂದನ್ನು ಗಾಡಿಯ ಲೋಹದ ಮೈಗೆ ಜೋಡಿಸಿದರೆ ಈಗಿನ ಸೆಟ್ಟಿನ ಆಡಿಯೋ ಐಸಿ ಸುಡಬಹುದು.