ಕಾರ್ಡು ರದ್ದಾದರೆ ಉಳಿಯುವುದೆಷ್ಟು?

ಸಿಂಧನೂರಿನ ಓದುಗರೊಬ್ಬರ ಪತ್ರದ ಸಾರ: “ಗ್ಯಾರಂಟಿ ಬಂದಮೇಲೆ ನಾಟಿಗೆ ಆಳು ಸಿಗುತ್ತಿಲ್ಲ. ಕಾರು ಇದ್ದವರ ಮನೆಯಲ್ಲೂ ಬಿಪಿಎಲ್ ಕಾರ್ಡಿದೆ. ಈ ದುಡ್ಡು ಉಳಿದಿದ್ದರೆ ತುಂಗಭದ್ರೆಯ ಗೇಟು ಕೊಚ್ಚಿಹೋಗುತ್ತಿರಲಿಲ್ಲ, ನವಲಿ ಜಲಾಶಯವೂ ಆಗುತ್ತಿತ್ತು. ಅರ್ಧಕ್ಕರ್ಧ ಕಾರ್ಡು ರದ್ದು ಮಾಡಿ ಖರ್ಚು ಇಳಿಸಲಿ. ನಮ್ಮ ಮನೆಗೂ ಕರೆಂಟ್ ಬಿಲ್ಲು ಸೊನ್ನೆ ಬರುತ್ತದೆ, ನಾವೇನು ಕೇಳಿರಲಿಲ್ಲ.”

ಸಂಪಾದಕರ ಉತ್ತರ:

ಗೇಟಿನ ಮಾತನ್ನು ಮೊದಲು ಮುಗಿಸೋಣ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಹೋದದ್ದು ಚೈನ್ ತುಂಡಾಗಿ. ಆ ಅಣೆಕಟ್ಟೆಯನ್ನು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ಖರ್ಚಿನಲ್ಲಿ ಆಂಧ್ರ, ತೆಲಂಗಾಣಗಳಿಗೂ ಪಾಲಿದೆ. ಗ್ಯಾರಂಟಿಗೆ ಹೋದ ದುಡ್ಡಿಗೂ ಆ ಚೈನಿಗೂ ಸಂಬಂಧ ಕಟ್ಟಲು ಬರುವುದಿಲ್ಲ. ನವಲಿಯದೂ ಅಷ್ಟೆ. ಹೂಳು ತುಂಬಿ 133 ಟಿಎಂಸಿಯ ತುಂಗಭದ್ರಾ ಜಲಾಶಯ 105ಕ್ಕೆ ಇಳಿದಿದೆ, ಆ ಕೊರತೆ ತುಂಬಲು ನವಲಿಯಲ್ಲಿ ಸಮತೋಲನ ಜಲಾಶಯ ಬೇಕು ನಿಜ. ಆದರೆ ಅದಕ್ಕೆ ದುಡ್ಡಿನ ಜತೆಗೆ ನೆರೆಯ ಎರಡು ರಾಜ್ಯಗಳ ಒಪ್ಪಿಗೆಯೂ ಬೇಕು.

ಆಳಿನ ವಿಷಯ ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ಎಡದಂಡೆ ಕಾಲುವೆಗೆ ನೀರು ಬಿಟ್ಟಮೇಲೆ ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿ ಸಸಿ ಮಡಿ ಬಹುತೇಕ ಒಟ್ಟಿಗೇ ನಾಟಿಗೆ ಬರುತ್ತವೆ. ಮೂರು ನಾಲ್ಕು ವಾರದಲ್ಲಿ ಎಲ್ಲರಿಗೂ ಆಳು ಬೇಕು. ಮನೆಯ ಯಜಮಾನಿಗೆ ತಿಂಗಳಿಗೆ ಸಿಗುವ ಗೃಹಲಕ್ಷ್ಮಿಯ 2,000 ರೂಪಾಯಿ ಎಂದರೆ 2025-26ರ ಉದ್ಯೋಗ ಖಾತ್ರಿ ದಿನಗೂಲಿ 370ರ ಲೆಕ್ಕದಲ್ಲಿ ಐದೂವರೆ ದಿನದ ದುಡಿಮೆಯೂ ಅಲ್ಲ. ಅಷ್ಟಕ್ಕೆ ತಿಂಗಳಿಡೀ ಮನೆಯಲ್ಲಿ ಕೂರುವವರು ಯಾರು? ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರು ನಾಟಿಗೆಂದು ವಾಪಸ್ ಬರುವುದಿಲ್ಲ, ಅದು ಬೇರೆ ಮಾತು.

ಆದರೂ ನಿಮ್ಮ ಮೂಲ ತಕರಾರನ್ನು ತಳ್ಳಿಹಾಕುವಂತಿಲ್ಲ. 2025-26ರ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ಅದರಲ್ಲಿ ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ. ಎಂಟರಲ್ಲಿ ಒಂದು ಪಾಲು. ವಿತ್ತೀಯ ಕೊರತೆ, ಅಂದರೆ ಸಾಲ ತಂದು ತುಂಬಬೇಕಾದ ಖರ್ಚು, ರಾಜ್ಯದ ಒಟ್ಟು ಉತ್ಪನ್ನದ ಶೇ. 3 ದಾಟಬಾರದೆಂಬ ಕಾನೂನಿದೆ. ಆ ಗೆರೆಯೊಳಗೇ ಸಂಬಳ, ಪಿಂಚಣಿ, ಬಡ್ಡಿ ಕಳೆದು ಉಳಿದದ್ದರಲ್ಲಿ ಕಾಲುವೆ, ರಸ್ತೆ ಆಗಬೇಕು. ಭಾರ ಇದ್ದೇ ಇದೆ. ಅದನ್ನು ಇಳಿಸಲು ನೀವು ಸೂಚಿಸಿದ ದಾರಿ, ಅಂದರೆ ಕಾರ್ಡು ರದ್ದು, ಲೆಕ್ಕಕ್ಕೆ ಕೂತರೆ ನಿಲ್ಲುವುದಿಲ್ಲ.

ನೋಡಿ: ಬಿಪಿಎಲ್ ಕಾರ್ಡು ಹೋದರೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಕಾರ್ಡಿನ ಯಜಮಾನಿಗೆ ಆ ಹಣ ಉಂಟು. ಹೊರಗಿಟ್ಟಿರುವುದು ಆಕೆಯೋ ಗಂಡನೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ ಮಾತ್ರ. ಶಕ್ತಿಯ ಉಚಿತ ಬಸ್ಸಿಗೆ, ಗೃಹಜ್ಯೋತಿಯ ಉಚಿತ ಕರೆಂಟಿಗೆ ಬಿಪಿಎಲ್ ಕಾರ್ಡಿನ ಹಂಗೇ ಇಲ್ಲ. ಇನ್ನು ಅಕ್ಕಿ. 2025ರಲ್ಲಿ ತಲೆಗೆ ಕೊಟ್ಟ ಹತ್ತು ಕಿಲೋದಲ್ಲಿ ಐದು ಕಿಲೋ ಕೇಂದ್ರದ್ದು, ಅದು ನಿಂತರೆ ಉಳಿತಾಯ ದಿಲ್ಲಿಗೆ. ರಾಜ್ಯದ ಐದು ಕಿಲೋಗೆ, ಮೊದಲು ಅಕ್ಕಿಯ ಬದಲು ಹಣ ಹಾಕುತ್ತಿದ್ದಾಗಿನ 34 ರೂಪಾಯಿ ದರವನ್ನೇ ಹಿಡಿದರೂ, ತಲೆಗೆ ತಿಂಗಳಿಗೆ 170. ಐದು ಜನರ ಮನೆಗೆ ವರ್ಷಕ್ಕೆ 10,200. ಒಂದು ಕಾರ್ಡು ಕಿತ್ತರೆ ಗ್ಯಾರಂಟಿಯಲ್ಲಿ ರಾಜ್ಯದ ಬೊಕ್ಕಸಕ್ಕೆ ಉಳಿಯುವುದು ಇಷ್ಟೇ.

ಆ ಮನೆ ಕಳೆದುಕೊಳ್ಳುವುದು ತಿಂಗಳ ಪಡಿತರ ಮಾತ್ರವಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು, ಮಿಕ್ಕ ಶೇ. 70 ಕೈಯಿಂದ. ಹೃದಯಕ್ಕೋ ಕಿಡ್ನಿಗೋ ಆಸ್ಪತ್ರೆ ಸೇರಿದ ದಿನ ಕಾರ್ಡಿನ ಬಣ್ಣ ಬದಲಾಗಿದೆ ಎಂದು ಕೌಂಟರಿನಲ್ಲಿ ಗೊತ್ತಾದರೆ ಆ ಮನೆಯ ಗತಿಯೇನು?

ಕಾರು ಇದ್ದವರ ಕಾರ್ಡು ಹೋಗಲಿ ಎನ್ನುವುದರಲ್ಲಿ ನಮಗೂ ತಕರಾರಿಲ್ಲ. ತೊಡಕಿರುವುದು ಜರಡಿಯಲ್ಲಿ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಇದನ್ನು 370ರಿಂದ ಭಾಗಿಸಿ: 324 ದಿನ. ಗಂಡ ಹೆಂಡತಿ ಇಬ್ಬರೂ ಖಾತ್ರಿ ಕೂಲಿಯ ದರದಲ್ಲೇ ತಲಾ 163 ದಿನ ದುಡಿದರೆ ಮಿತಿ ದಾಟಿತು. ವರ್ಷದ ಅರ್ಧವೂ ಆಗಲಿಲ್ಲ! ಪ್ರಾಮಾಣಿಕವಾಗಿ ಆದಾಯ ಬರೆಸಿದರೆ ಕೂಲಿಯವನೂ ‘ಅನರ್ಹ’. ಬರೆಸುವುದಿಲ್ಲ, ಅದಕ್ಕೇ ಉಳಿದಿದ್ದಾನೆ.

ಭೂಮಿಯ ಮಿತಿ 3 ಹೆಕ್ಟೇರ್ ಒಣಭೂಮಿ, ಅಂದರೆ 7 ಎಕರೆ 16 ಗುಂಟೆ, ಇಲ್ಲವೇ ಅದಕ್ಕೆ ಸಮನಾದ ನೀರಾವರಿ. ದೇವದುರ್ಗ, ಲಿಂಗಸುಗೂರಿನ ಮಸಾರಿಯಲ್ಲಿ ಎಂಟು ಎಕರೆ ಇದ್ದವನು ಮಳೆ ಕೈಕೊಟ್ಟ ವರ್ಷ ಗುಳೆ ಹೋಗುತ್ತಾನೆ, ಅವನು ಹೊರಗೆ. ಕಾಲುವೆಯ ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆ ಇನ್ನೊಂದು ತಮಾಷೆ. ಪಹಣಿಯಲ್ಲಿ ಜಮೀನು ನೀರಾವರಿ, ಹೊಲದಲ್ಲಿ ಬಿರುಕು. ಕಂಪ್ಯೂಟರಿಗೆ ಕಾಣುವುದು ಪಹಣಿ ಮಾತ್ರ.

ತೆರಿಗೆ ಪಟ್ಟಿಯಿಂದ ಹೆಸರು ಹುಡುಕುವಾಗಲೂ ಹೀಗೇ. ಬ್ಯಾಂಕಿನವರು ಕೇಳಿದರೆಂದು ಸಾಲಕ್ಕಾಗಿ ರಿಟರ್ನ್ ಹಾಕಿಸಿದವರು, ಪೈಸೆ ತೆರಿಗೆ ಕಟ್ಟದಿದ್ದರೂ, ಪ್ಯಾನ್ ಮೂಲಕ ‘ತೆರಿಗೆದಾರ’ರಾಗುತ್ತಾರೆ. ಕಿರಾಣಿ ಅಂಗಡಿಗೆಂದು ಜಿಎಸ್‌ಟಿ ನಂಬರ್ ಮಾಡಿಸಿ, ಅಂಗಡಿ ಮುಚ್ಚಿ, ನಂಬರ್ ಮಾತ್ರ ರದ್ದು ಮಾಡಿಸದೆ ಬಿಟ್ಟವರೂ ಸಿಕ್ಕಿಬೀಳುತ್ತಾರೆ. ಗುಳೆ ಹೋಗಿ ತಿಂಗಳುಗಟ್ಟಲೆ ಪಡಿತರ ಎತ್ತದವರ, ಇ-ಕೆವೈಸಿ (ಹೆಬ್ಬೆಟ್ಟು ಒತ್ತಿ ಆಧಾರ್ ದೃಢೀಕರಣ) ತಪ್ಪಿಸಿಕೊಂಡವರ ಹೆಸರೂ ಅನುಮಾನದ ಪಟ್ಟಿಗೆ ಸೇರುತ್ತದೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಓದುವುದೂ ಕಷ್ಟ. 2024ರ ನವೆಂಬರಿನಲ್ಲಿ ಕಾರ್ಡು ರದ್ದತಿ ಗದ್ದಲವಾಗಿ, ಸರ್ಕಾರಿ ನೌಕರರು ಮತ್ತು ತೆರಿಗೆದಾರರ ಹೊರತು ಉಳಿದವರ ಕಾರ್ಡು ಮುಟ್ಟುವುದಿಲ್ಲ ಎಂದು ಸರ್ಕಾರವೇ ಹಿಂದೆ ಸರಿದದ್ದು ಇಂಥವೇ ಕಾರಣಕ್ಕೆ.

ಈಗಾಗಲೇ ಕಾರ್ಡು ಹೋದವರು ನಿಮ್ಮ ಓಣಿಯಲ್ಲಿದ್ದರೆ ಅವರಿಗೆ ಹೇಳಿ: ಹೊಸ ಅರ್ಜಿಗೆ ಓಡಬೇಡಿ. ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಯಲ್ಲಿ ರದ್ದತಿಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ಕಾರಣ ತೆರಿಗೆ ಎಂದಿದ್ದರೆ ‘ತೆರಿಗೆ ಸೊನ್ನೆ’ ಎಂದು ತೋರಿಸುವ ರಿಟರ್ನ್ ಪ್ರತಿ, ಜಿಎಸ್‌ಟಿ ಎಂದಿದ್ದರೆ ನೋಂದಣಿ ರದ್ದಾದ ಆದೇಶ, ಆದಾಯ ಎಂದಿದ್ದರೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಲಗತ್ತಿಸಿ. ಅಲ್ಲಿ ಕೆಲಸ ಆಗದಿದ್ದರೆ 2013ರ ಆಹಾರ ಭದ್ರತಾ ಕಾಯ್ದೆಯ 15ನೇ ಕಲಮಿನಂತೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು. ಅದರ ಮೇಲೆ ರಾಜ್ಯ ಆಹಾರ ಆಯೋಗ. ಕಾರ್ಡು ಸರಿಯಿದ್ದೂ ಗೃಹಲಕ್ಷ್ಮಿ ಹಣ ಕಾಣದಿದ್ದರೆ ಬೇರೆ ಕಾರಣ ಹುಡುಕಬೇಕು. ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದಾಗ ಆಧಾರ್ ಅಲ್ಲಿಗೆ ಜೋಡಣೆಯಾಗಿ ಹಣ ಆ ಖಾತೆಗೆ ಬೀಳುತ್ತಿರುತ್ತದೆ. ಹಳೇ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆದರೆ ಸಿಗುವುದಿಲ್ಲ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ವೆಬ್‌ಸೈಟಿನಲ್ಲಿ ನೋಡಬಹುದು. ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಕೇಳಿದರೂ ಆದೀತು.

ಹಾಗಾದರೆ ಎಲ್ಲೂ ಕತ್ತರಿ ಬೇಡವೇ? ಬೇಕು. ಆದರೆ ಮಿತಿಯನ್ನೋ ದರವನ್ನೋ ಬಜೆಟ್ಟಿನಲ್ಲಿ ಬಾಯಿಬಿಟ್ಟು ಹೇಳಿ ಬದಲಿಸಲಿ, ಆಗ ವಿಧಾನಸಭೆಯಲ್ಲಿ ಚರ್ಚೆಯಾಗುತ್ತದೆ. ಸರ್ವರ್‌ನಲ್ಲಿ ಸದ್ದಿಲ್ಲದೆ ಹೆಸರು ಅಳಿಸಿದರೆ ಜಗಳಕ್ಕೆ ಸಿಗುವುದು ನ್ಯಾಯಬೆಲೆ ಅಂಗಡಿಯವನು ಮಾತ್ರ.

ನಮ್ಮನ್ನು ಕೇಳಿದರೆ ಮೊದಲ ಕತ್ತರಿ ಗೃಹಜ್ಯೋತಿಗೆ. ಅದಕ್ಕೆ ಆದಾಯ ಮಿತಿಯೇ ಇಲ್ಲ. 2022-23ರಲ್ಲಿ ಸುಟ್ಟ ಯೂನಿಟ್ಟಿನ ತಿಂಗಳ ಸರಾಸರಿಗೆ ಶೇ. 10 ಸೇರಿಸಿ, 200ರೊಳಗೆ, ಉಚಿತ. ಸರಾಸರಿ 48ಕ್ಕಿಂತ ಕಡಿಮೆಯಿದ್ದರೆ ಶೇ. 10ರ ಬದಲು 10 ಯೂನಿಟ್. ಒಂದು ಫ್ಯಾನು, ಎರಡು ಬಲ್ಬಿನಲ್ಲಿ 40 ಯೂನಿಟ್ ಸುಟ್ಟ ಮನೆಗೆ ಸಿಕ್ಕದ್ದು 50. ಫ್ರಿಜ್ಜು, ಕೂಲರು ಓಡಿಸಿ 180 ಸುಟ್ಟ ಮನೆಗೆ 198. ರಾಯಚೂರಿನ ಏಪ್ರಿಲ್ ಬಿಸಿಲು ಎರಡೂ ಮನೆಗೆ ಒಂದೇ. ಹೆಚ್ಚು ಇದ್ದವರಿಗೆ ಹೆಚ್ಚು ಕೊಡುವ ಈ ಲೆಕ್ಕ ತಿರುಗಿಸಿ, ಎಲ್ಲರಿಗೂ ಒಂದೇ ಮಿತಿ, 75 ಯೂನಿಟ್ ಅಂತಲೇ ಇಟ್ಟುಕೊಳ್ಳಿ, ನಿಗದಿ ಮಾಡಿದರೆ ಸಣ್ಣ ಮನೆಗೆ ಇನ್ನಷ್ಟು ಸಿಗುತ್ತದೆ, ದೊಡ್ಡ ಮನೆ ಮೇಲಿನದಕ್ಕೆ ಬಿಲ್ಲು ಕಟ್ಟುತ್ತದೆ. ಮೀಟರ್ ಲೆಕ್ಕ ಕರೆಂಟ್ ಕಂಪನಿ ಜೆಸ್ಕಾಂ ಬಳಿ ಇದ್ದೇ ಇದೆ. ಪಹಣಿ, ಪ್ಯಾನ್, ಹೆಬ್ಬೆಟ್ಟು ಯಾವುದೂ ಬೇಡ.

ಕೇಳದೆಯೇ ಸೊನ್ನೆ ಬಿಲ್ಲು ಬರುತ್ತದೆ ಎಂದು ಬರೆದಿದ್ದೀರಿ. ಗೃಹಜ್ಯೋತಿ ತಾನಾಗಿ ಬರುವುದಿಲ್ಲ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಆಧಾರ್ ಮತ್ತು ಮೀಟರಿನ ಖಾತೆ ಸಂಖ್ಯೆ ಕೊಟ್ಟು ಅರ್ಜಿ ಹಾಕಿದವರಿಗೆ ಮಾತ್ರ. ಮನೆಯಲ್ಲಿ ಯಾರು ಹಾಕಿದ್ದಾರೆಂದು ಒಮ್ಮೆ ವಿಚಾರಿಸಿ.